ಜಿಂಕೆ, ಕಾಡುಹಂದಿ ಮತ್ತು ಚಿರತೆ ಹಾವಳಿ: ಬಳಸಬಹುದಾದ ಸಾಧನಗಳು, ನಿಷಿದ್ಧ ವಿಧಾನಗಳು ಹಾಗೂ ಪರಿಹಾರದ ಅರ್ಜಿ

ಜಿಂಕೆ ಅಥವಾ ಚಿರತೆಯ ಬೇಟೆಗೆ ಪರವಾನಗಿ ಕೋರಿ ಸಲ್ಲಿಸಬಹುದಾದ ಯಾವುದೇ ಅರ್ಜಿ ನಮೂನೆ ಕರ್ನಾಟಕದಲ್ಲಿ ಇರುವುದಿಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರಲ್ಲಿ ಮೂಲತಃ ಬೇಟೆಯ ಪರವಾನಗಿಗಳಿಗೆ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಅವು ರದ್ದಾದವು. ಆದಾಗ್ಯೂ ಬೆಳೆ ಮತ್ತು ಜಾನುವಾರುಗಳ ರಕ್ಷಣೆಗಾಗಿ ಯಾವ ಸಾಧನವನ್ನು ಬಳಸಬಹುದು, ಯಾವುದನ್ನು ಬಳಸಕೂಡದು ಎಂಬ ಬಗ್ಗೆ ರೈತರಲ್ಲಿ ಗೊಂದಲವಿರುವುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಕಾಯ್ದೆಯ ಪ್ರಕಾರ ಬೇಟೆ ಎಂದರೆ ಗುಂಡು ಹಾರಿಸುವುದು ಮಾತ್ರವಲ್ಲ. ವಿಷವಿಡುವುದು, ಉರುಳು ಹಾಕುವುದು, ಬಲೆ ಅಥವಾ ಬೋನಿಗೆ ಕೆಡವುವುದು, ನಾಯಿಗಳನ್ನು ಬಿಟ್ಟು ಬೆನ್ನಟ್ಟುವುದು, ಆಮಿಷವೊಡ್ಡುವುದು ಮತ್ತು ಇವುಗಳಲ್ಲಿ ಯಾವುದೇ ಪ್ರಯತ್ನವೂ ಬೇಟೆಯೇ ಆಗಿರುತ್ತದೆ. ಪ್ರಾಣಿ ತಪ್ಪಿಸಿಕೊಂಡಿತು ಎಂಬುದು ಸಮರ್ಥನೆಯಾಗುವುದಿಲ್ಲ.

ಮೊದಲು ಪ್ರಾಣಿಯನ್ನು ಗುರುತಿಸುವುದು

ಹಾವೇರಿ, ಗದಗ, ಕೊಪ್ಪಳ ಮುಂತಾದ ಬಯಲುಸೀಮೆಯಲ್ಲಿ ಜಿಂಕೆ ಎಂದು ಕರೆಯಲಾಗುವ ಪ್ರಾಣಿ ಬಹುಮಟ್ಟಿಗೆ ಕೃಷ್ಣಮೃಗ. ಬಂಡೀಪುರ, ನಾಗರಹೊಳೆಯ ಅಂಚಿನ ಗ್ರಾಮಗಳಲ್ಲಿ ಅದೇ ಹೆಸರಿನಿಂದ ಕರೆಯಲಾಗುವುದು ಚುಕ್ಕೆ ಜಿಂಕೆ. ಹೆಸರು ಒಂದೇ ಆದರೂ ಕಾನೂನು ಒಂದೇ ಅಲ್ಲ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಂತರ ಕೃಷ್ಣಮೃಗ, ಚಿರತೆ, ಹುಲಿ ಮತ್ತು ತೋಳಗಳು ಒಂದನೇ ಅನುಸೂಚಿಯಲ್ಲಿಯೂ, ಚುಕ್ಕೆ ಜಿಂಕೆ ಮತ್ತು ಕಾಡುಹಂದಿಗಳು ಎರಡನೇ ಅನುಸೂಚಿಯಲ್ಲಿಯೂ ಇವೆ.

ಕಾಯ್ದೆಯ 11ನೇ ಪ್ರಕರಣದಂತೆ ಎರಡನೇ ಅನುಸೂಚಿಯ ಪ್ರಾಣಿಯು ಮಾನವ ಜೀವಕ್ಕೆ ಅಥವಾ ಆಸ್ತಿಗೆ, ಅಂದರೆ ಹೊಲದಲ್ಲಿ ನಿಂತ ಬೆಳೆಗೂ ಸೇರಿದಂತೆ, ಅಪಾಯಕಾರಿಯಾಗಿದ್ದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯು ಕಾರಣ ಸಹಿತ ಲಿಖಿತ ಆದೇಶ ನೀಡಬಹುದು. ಒಂದನೇ ಅನುಸೂಚಿಯ ಪ್ರಾಣಿಗಳಿಗೆ ಬೆಳೆಹಾನಿ ಒಂದು ಕಾರಣವೇ ಅಲ್ಲ. ಮಾನವ ಜೀವಕ್ಕೆ ಅಪಾಯ, ಅಥವಾ ಗುಣವಾಗದ ಗಾಯ ಇಲ್ಲವೇ ರೋಗವಿದ್ದಲ್ಲಿ ಮಾತ್ರ, ಅದೂ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಮಾತ್ರ ಆದೇಶ ಸಾಧ್ಯ. ಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಆಗದೆಂದು ಮನವರಿಕೆಯಾಗದ ಹೊರತು ಕೊಲ್ಲುವಂತಿಲ್ಲ. ಆದುದರಿಂದ ಕೃಷ್ಣಮೃಗದ ಹಾವಳಿಗೆ ತುತ್ತಾದ ರೈತರು ಕೊಲ್ಲುವ ಅನುಮತಿಗಾಗಿ ಅಲೆಯುವ ಬದಲು ಬೇಲಿ ಮತ್ತು ಪರಿಹಾರದ ಕಡೆ ಗಮನ ಹರಿಸುವುದು ಸೂಕ್ತ.

ಹಾನಿಯ ಗುರುತುಗಳೂ ಪ್ರಾಣಿಯನ್ನು ತಿಳಿಸುತ್ತವೆ. ಜಿಂಕೆಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲದ ಕಾರಣ ಅವು ಮೇಯ್ದ ಸಸಿಯ ತುದಿ ಹರಿದಂತೆ ಕಾಣುತ್ತದೆ. ಮೊಲ ಕಡಿದದ್ದು ಕತ್ತರಿಸಿದಂತೆ ನುಣುಪಾಗಿರುತ್ತದೆ. ಕಾಡುಹಂದಿ ನೆಲವನ್ನೇ ಉತ್ತು ಗಡ್ಡೆ, ಬೇರುಗಳನ್ನು ಎತ್ತುತ್ತದೆ. ಕೃಷ್ಣಮೃಗಗಳು ಹೆಚ್ಚಾಗಿ ಹಗಲಿನಲ್ಲಿ, ಬಯಲಿನಲ್ಲಿ, ಹಿಂಡಾಗಿ ಮೇಯುತ್ತವೆ. ಇಂತಹ ಕಡೆ ರಾತ್ರಿ ದೀಪಗಳಿಗೆ ಹಣ ಹಾಕಿ ಹಗಲಿನ ಕಾವಲನ್ನು ಕೈಬಿಟ್ಟರೆ ಪ್ರಯೋಜನವಾಗುವುದಿಲ್ಲ.

ಬೇಲಿ, ಸದ್ದು ಮತ್ತು ಕಾವಲು

ಚುಕ್ಕೆ ಜಿಂಕೆಯು ಆರು ಅಡಿಯ ಬೇಲಿಯನ್ನು ಹಾರಬಲ್ಲದು. ಅದಕ್ಕೆ ಏಳೆಂಟು ಅಡಿ ಎತ್ತರದ ಜಾಲರಿ ಬೇಕಾಗುತ್ತದೆ. ಕಾಡುಹಂದಿ ಹಾರುವುದಿಲ್ಲ, ಕೆಳಗಿನಿಂದ ನುಗ್ಗುತ್ತದೆ. ಆದ್ದರಿಂದ ಕೆಳಗಿನ ತಂತಿ ನೆಲದಿಂದ ಒಂದು ಅಡಿಯೊಳಗೆ ಇರತಕ್ಕದ್ದು. ಒಂದಕ್ಕೆಂದು ಹಾಕಿದ ಬೇಲಿ ಮತ್ತೊಂದಕ್ಕೆ ತಡೆಯಾಗದಿರುವುದಕ್ಕೆ ಇದೇ ಕಾರಣ.

ಸೌರಶಕ್ತಿ ಬೇಲಿಯಲ್ಲಿ ವಿದ್ಯುತ್ತು ಸತತವಾಗಿ ಹರಿಯುವುದಿಲ್ಲ. ಬ್ಯಾಟರಿಗೆ ಜೋಡಿಸಿದ ಉಪಕರಣವು ಸುಮಾರು ಸೆಕೆಂಡಿಗೊಮ್ಮೆ ಅತ್ಯಲ್ಪ ಅವಧಿಯ ಮಿಡಿತವನ್ನು ಮಾತ್ರ ಕಳುಹಿಸುತ್ತದೆ. ಹೊಡೆತ ನೋವುಂಟುಮಾಡುತ್ತದೆ, ಪ್ರಾಣಿಗೆ ಬಿಡಿಸಿಕೊಳ್ಳಲು ಬಿಡುವಿರುತ್ತದೆ. ತಂತಿಗೆ ಹುಲ್ಲು, ಬಳ್ಳಿ ತಾಗಿದರೆ ಶಕ್ತಿ ಸೋರಿಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಭೂಸಂಪರ್ಕ ಕೆಡುವುದರಿಂದ ಅದರ ಸರಳಿನ ಸುತ್ತ ನೀರು ಹಾಕುತ್ತಿರಬೇಕು. ಬೇಲಿ ಕೆಲಸ ಮಾಡುತ್ತಿಲ್ಲವೆಂಬ ದೂರುಗಳಲ್ಲಿ ಉಪಕರಣಕ್ಕಿಂತ ಇಂತಹ ನಿರ್ವಹಣೆಯ ಕೊರತೆಯನ್ನು ಮೊದಲು ನೋಡತಕ್ಕದ್ದು. ಬೇಲಿಗೆ ಸಹಾಯಧನವು ಆಯಾ ವರ್ಷದ ಅನುದಾನವನ್ನು ಅವಲಂಬಿಸಿರುವುದರಿಂದ ಖರೀದಿಗೆ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು.

ವಿದ್ಯುತ್ ಮಾರ್ಗದಿಂದ ನೇರವಾಗಿ ಬೇಲಿಗೆ ಸಂಪರ್ಕ ಕಲ್ಪಿಸುವುದು ಸಂಪೂರ್ಣ ಬೇರೆ ವಿಷಯ. ಅದು ಹಂದಿಯನ್ನೂ ಆನೆಯನ್ನೂ, ನಸುಕಿನಲ್ಲಿ ನೀರು ಹಾಯಿಸಲು ಬರುವ ನೆರೆಹೊಲದವರನ್ನೂ ಒಂದೇ ರೀತಿ ಕೊಲ್ಲುತ್ತದೆ. ಅಕ್ರಮ ಸಂಪರ್ಕವು ವಿದ್ಯುಚ್ಛಕ್ತಿ ಕಾಯ್ದೆ, 2003ರ 135ನೇ ಪ್ರಕರಣದಂತೆ ಕಳವು. ಮನುಷ್ಯರು ಮೃತರಾದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರ ಅಡಿಯಲ್ಲಿ ಪ್ರತ್ಯೇಕ ಮೊಕದ್ದಮೆ ದಾಖಲಾಗುತ್ತದೆ.

ಕ್ಲಚ್ ತಂತಿಯ ಉರುಳು ಅಗ್ಗವಾದದ್ದು ಮತ್ತು ಅತ್ಯಂತ ಕ್ರೂರವಾದದ್ದು. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ, ಕರಡಿಗಳು ಸಿಲುಕಿದ ಪ್ರಕರಣಗಳು ಕಾಫಿ ತೋಟಗಳ ಸೀಮೆಯಲ್ಲಿ ಹಲವು ಇವೆ. ಯಾವ ಪ್ರಾಣಿಗೆಂದು ಹಾಕಲಾಗಿತ್ತು ಎಂಬುದು ಆರೋಪಿಯ ರಕ್ಷಣೆಗೆ ಬರುವುದಿಲ್ಲ. ಒಂದನೇ ಅನುಸೂಚಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಹಾಗೂ 25,000 ರೂಪಾಯಿಗಿಂತ ಕಡಿಮೆಯಿಲ್ಲದ ದಂಡವಿದೆ. ಸಿಡಿಮದ್ದಿನ ಉಂಡೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳನ್ನು ಕಚ್ಚಿ ದವಡೆ ಒಡೆದುಕೊಳ್ಳುವುದರಲ್ಲಿ ಊರಿನ ದನಗಳೂ ಸೇರಿವೆ.

ಬೆದರುಬೊಂಬೆ, ತಮಟೆ, ಧ್ವನಿವರ್ಧಕಗಳಿಗೆ ಪ್ರಾಣಿಗಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ಸ್ಥಳ ಮತ್ತು ಸಮಯ ಬದಲಿಸುತ್ತಿದ್ದರೆ ಮಾತ್ರ ಉಪಯುಕ್ತ. ಆನೆಗಳಿರುವ ಪ್ರದೇಶದಲ್ಲಿ ಕಾವಲುಗಾರರು ನೆಲದ ಗುಡಿಸಲಿನಲ್ಲಿ ಮಲಗದೆ ಗಟ್ಟಿಮುಟ್ಟಾದ ಎತ್ತರದ ಅಟ್ಟಣೆಯನ್ನು ಬಳಸುವುದು.

ಬಂದೂಕು ಹೊಂದಿರುವವರ ಗಮನಕ್ಕೆ

ಆಯುಧ ಕಾಯ್ದೆ, 1959ರ ಅಡಿಯಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಪರವಾನಗಿಯು ಬಂದೂಕನ್ನು ಹೊಂದಲು ಮಾತ್ರ ಅನುಮತಿ. ವನ್ಯಪ್ರಾಣಿಯ ಮೇಲೆ ಗುಂಡು ಹಾರಿಸಲು ಅಲ್ಲ. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ನೀಡಲಾಗಿರುವ ವಿನಾಯಿತಿಯೂ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಬೇಟೆಗಲ್ಲ. ವನ್ಯಜೀವಿ ಕಾಯ್ದೆಯ 34ನೇ ಪ್ರಕರಣದಂತೆ ಅಭಯಾರಣ್ಯದಲ್ಲಿ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಹೆಸರು ನೋಂದಾಯಿಸಲು ಅರ್ಜಿ ಸಲ್ಲಿಸತಕ್ಕದ್ದು. ಈ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಪರವಾನಗಿ ನೀಡಲಾಗುವುದಿಲ್ಲ.

ಸ್ವಂತದ ಅಥವಾ ಇತರರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದದ್ದು ಅಪರಾಧವಲ್ಲ. ಆದರೆ ಆ ಸಮಯದಲ್ಲಿ ವ್ಯಕ್ತಿಯು ಕಾಯ್ದೆಗೆ ವಿರುದ್ಧವಾದ ಕೃತ್ಯದಲ್ಲಿ ತೊಡಗಿದ್ದರೆ ಈ ರಕ್ಷಣೆ ದೊರೆಯುವುದಿಲ್ಲ. ಸತ್ತ ಪ್ರಾಣಿಯು ಸರ್ಕಾರದ ಸ್ವತ್ತು.

ಚಿರತೆ ಮತ್ತು ತೋಳ

ಚಿರತೆಯು ಸುಲಭದ ಆಹಾರವನ್ನು ಹುಡುಕುತ್ತದೆ. ಮೇಲ್ಛಾವಣಿ ಮತ್ತು ಗಟ್ಟಿ ಬಾಗಿಲುಳ್ಳ ಕೊಟ್ಟಿಗೆ ಯಾವ ಬೋನಿಗಿಂತಲೂ ಮೇಲು. ಮನೆಯ ಹೊರಗೆ ಕಟ್ಟಿದ ನಾಯಿ ಮತ್ತು ಊರಂಚಿನ ಮಾಂಸದ ತ್ಯಾಜ್ಯಗಳೇ ಅನೇಕ ಬಾರಿ ಅದನ್ನು ಕರೆತರುತ್ತವೆ. ಬೋನು ಇಡುವುದು ಇಲಾಖೆಯ ಕೆಲಸ. ಖಾಸಗಿಯಾಗಿ ಇಡುವುದು ಅಪರಾಧ. ಕಬ್ಬಿನ ಗದ್ದೆಯಲ್ಲಿ ಮರಿಗಳು ಕಂಡಲ್ಲಿ ಮುಟ್ಟದೆ ಕಟಾವು ನಿಲ್ಲಿಸಿ ತಿಳಿಸುವುದು. ಮರಿಗಳನ್ನು ಒಯ್ದರೆ ತಾಯಿ ಚಿರತೆ ಅದೇ ಗದ್ದೆಯ ಸುತ್ತ ಸುಳಿಯುತ್ತದೆ. ಕುರಿಗಾಹಿಗಳು ಬಯಲಿನಲ್ಲಿ ತಂಗುವಾಗ ಬಲೆಯ ಹಟ್ಟಿಯೊಳಗೆ ಮರಿಗಳನ್ನು ಬೇರೆಯಾಗಿ, ಮಲಗುವ ಜಾಗಕ್ಕೆ ಸಮೀಪ ಇರಿಸಿದಲ್ಲಿ ತೋಳಕ್ಕೆ ಅವಕಾಶ ಕಡಿಮೆ.

ಪರಿಹಾರಕ್ಕೆ ಅರ್ಜಿ

ಸತ್ತ ಜಾನುವಾರನ್ನು ಸ್ಥಳದಿಂದ ಎಳೆಯದೆ, ವಿಷ ಸವರದೆ ಹಾಗೆಯೇ ಬಿಟ್ಟು, ಕಿವಿಯೋಲೆ ಸಂಖ್ಯೆ ಕಾಣುವಂತೆ ಛಾಯಾಚಿತ್ರ ತೆಗೆಯುವುದು. ಹೆಜ್ಜೆ ಗುರುತನ್ನು ಬೋಗುಣಿಯಿಂದ ಮುಚ್ಚಿಡುವುದು. ಚಿರತೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರಿನ ಗುರುತಿರುವುದಿಲ್ಲ, ನಾಯಿಯದರಲ್ಲಿ ಇರುತ್ತದೆ. ಬೆಳೆಹಾನಿಯಾದಲ್ಲಿ ಹೊಲವನ್ನು ಮಹಜರಿಗೆ ಮುನ್ನ ಉಳಬಾರದು. ಅರ್ಜಿಯೊಂದಿಗೆ ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಜಾನುವಾರು ಹಾನಿಯಾದಲ್ಲಿ ಪಶುವೈದ್ಯಾಧಿಕಾರಿಯ ದೃಢೀಕರಣವನ್ನು ವಲಯ ಅರಣ್ಯಾಧಿಕಾರಿಯವರಿಗೆ ಸಲ್ಲಿಸುವುದು. ಪ್ರಕರಣಗಳನ್ನು ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ಯಾವ ಪ್ರಾಣಿಯಿಂದಾದ ಯಾವ ಹಾನಿಗೆ ಎಷ್ಟು ದಯಾತ್ಮಕ ಧನ ಎಂಬುದು ಕಾಲಕಾಲಕ್ಕೆ ಹೊರಡುವ ಸರ್ಕಾರಿ ಆದೇಶಗಳಂತೆ ಬದಲಾಗುವುದರಿಂದ ಚಾಲ್ತಿಯಲ್ಲಿರುವ ದರವನ್ನು ಕಚೇರಿಯಲ್ಲಿಯೇ ತಿಳಿದುಕೊಳ್ಳತಕ್ಕದ್ದು. ಪ್ರಾಣಿಯು ಇನ್ನೂ ಸ್ಥಳದಲ್ಲಿದ್ದಲ್ಲಿ ಗುಂಪುಗೂಡದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು.