ಒಂಬತ್ತು ಪ್ರಶಸ್ತಿ, ಒಂದು ಮಣಿಕಟ್ಟು

ಷಟಲ್ ಕಾಕ್‌ನ ತೂಕ ಸುಮಾರು 5 ಗ್ರಾಂ. ಹದಿನಾರು ಗರಿಗಳನ್ನು ಜೋಡಿಸಿ ಮಾಡಿದ ಅದಕ್ಕೆ ಗಾಳಿಯೇ ದೊಡ್ಡ ವೈರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂತಹ ಊರುಗಳ ಬಯಲಲ್ಲಿ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಆಡಲು ತೊಂದರೆಯಿಲ್ಲ. ಆದರೆ ಷಟಲ್ ಆಟವನ್ನೇ ಜೀವನವಾಗಿಸಿಕೊಳ್ಳಬೇಕಾದರೆ ಎತ್ತರದ ಸೂರು ಬೇಕು, ದಿನವೂ ತಿದ್ದುವ ಗುರು ಬೇಕು, ಸೋಲಿಸಬಲ್ಲ ಜೊತೆಗಾರರು ಬೇಕು. ಈ ಮೂರೂ ಒಂದೆಡೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಅಪರ್ಣಾ ಪೋಪಟ್ ಅವರ ಆಟದ ಬದುಕು ಒಳ್ಳೆಯ ನಿದರ್ಶನ.

ಕರ್ನಾಟಕದಲ್ಲಿ ಈ ಆಟ ಬೆಳೆದದ್ದು ಅನುಕೂಲಗಳ ನಡುವೆ ಅಲ್ಲ. ಪ್ರಕಾಶ್ ಪಡುಕೋಣೆ ಬಾಲ್ಯದಲ್ಲಿ ಆಡಿದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅಲ್ಲಿ ಮದುವೆ ನಡೆದ ದಿನ ಆಟಕ್ಕೆ ರಜೆ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಅವರು 1994ರಲ್ಲಿ ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಜೊತೆ ಸೇರಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು.

ಅದೇ ವರ್ಷ ಮುಂಬಯಿಯಿಂದ ಅಲ್ಲಿಗೆ ಬಂದವರು ಅಪರ್ಣಾ. 1978ರಲ್ಲಿ ಜನಿಸಿದ ಅವರಿಗೆ ಆಗ ಹದಿನಾರರ ಪ್ರಾಯ. ಎಂಟನೆಯ ವಯಸ್ಸಿನಲ್ಲಿ ಅನಿಲ್ ಪ್ರಧಾನ್ ಅವರ ಬಳಿ ಆಟ ಆರಂಭಿಸಿದ್ದ ಹುಡುಗಿ ಮನೆ ಬಿಟ್ಟು ಬೇರೆ ಊರಿನಲ್ಲಿ ನೆಲೆಸಿದರು. ಎರಡೇ ವರ್ಷಗಳಲ್ಲಿ ಫಲ ಕಂಡಿತು. 1996ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಿಂಗಲ್ಸ್‌ನಲ್ಲೂ ಬೆಳ್ಳಿ.

ಸಿಂಗಲ್ಸ್ ಒಂಟಿ ಆಟ. 17 ಅಡಿ ಅಗಲ, 22 ಅಡಿ ಉದ್ದದ ಅಂಕಣವನ್ನು ಒಬ್ಬಳೇ ಕಾಯಬೇಕು. ಅಪರ್ಣಾ ಆಡುತ್ತಿದ್ದ ಕಾಲದಲ್ಲಿ ಮಹಿಳಾ ಸಿಂಗಲ್ಸ್‌ನ ಗೇಮ್ 11 ಅಂಕಗಳದ್ದು. ಸರ್ವ್ ಮಾಡಿದವರಿಗೆ ಮಾತ್ರ ಅಂಕ. ಒಂದು ಅಂಕಕ್ಕಾಗಿ ಎಷ್ಟೋ ಹೊತ್ತು ಓಡಬೇಕಾಗುತ್ತಿತ್ತು. ತಾಳ್ಮೆಯೇ ಬಂಡವಾಳ.

ಆ ತಾಳ್ಮೆಯ ಬಲದಿಂದ ಅವರು ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನು 2006ರವರೆಗೆ ಸತತ ಒಂಬತ್ತು ಬಾರಿ ಗೆದ್ದರು. ಪುರುಷರಲ್ಲಿ ಗುರು ಪ್ರಕಾಶ್ 1971ರಿಂದ 1979ರವರೆಗೆ ಸ್ಥಾಪಿಸಿದ್ದ ದಾಖಲೆಯನ್ನು ಶಿಷ್ಯೆ ಸರಿಗಟ್ಟಿದಂತಾಯಿತು. ಮಹಿಳೆಯರಲ್ಲಿ ಮಧುಮಿತಾ ಬಿಷ್ತ್ ಅವರ ಎಂಟು ಪ್ರಶಸ್ತಿಗಳ ಸಾಧನೆ ಹಿಂದೆ ಬಿತ್ತು.

ಹೊರಗಿನಿಂದ ನೋಡಿದವರಿಗೆ ಇದು ಏರುಗತಿಯ ಕಥೆ. ಆದರೆ ವೃತ್ತಿಪರ ಆಟ ಎಷ್ಟು ನಾಜೂಕು ಎಂಬುದನ್ನೂ ಇದೇ ಬದುಕು ತೋರಿಸುತ್ತದೆ. 2000ದಲ್ಲಿ ನೆಗಡಿಗೆಂದು ನುಂಗಿದ ಸಾಮಾನ್ಯ ಮಾತ್ರೆಯಲ್ಲಿ ನಿಷೇಧಿತ ಅಂಶವಿದ್ದ ಕಾರಣ ಮೂರು ತಿಂಗಳ ನಿಷೇಧಕ್ಕೆ ಗುರಿಯಾಗಬೇಕಾಯಿತು. ಮನೆಮಂದಿಯೆಲ್ಲ ತೆಗೆದುಕೊಳ್ಳುವ ಔಷಧಿಯೂ ಆಟಗಾರ್ತಿಗೆ ಅಪಾಯ. ಅದೇ ವರ್ಷ ಸಿಡ್ನಿಯಲ್ಲಿ, 2004ರಲ್ಲಿ ಅಥೆನ್ಸ್‌ನಲ್ಲಿ ಅವರು ಒಲಿಂಪಿಕ್ಸ್ ಆಡಿದರು. ಕೊನೆಗೆ ಅವರನ್ನು ತಡೆದದ್ದು ಎದುರಾಳಿಯಲ್ಲ, ಮಣಿಕಟ್ಟಿನ ನೋವು. ಅರ್ಜುನ ಪ್ರಶಸ್ತಿ ಪಡೆದ ಅಪರ್ಣಾ 2006ರಲ್ಲಿ, 28ರ ಹರೆಯದಲ್ಲೇ ನಿವೃತ್ತರಾದರು. ಅದೇ ವರ್ಷ ಪ್ರತಿ ರ‍್ಯಾಲಿಗೂ ಅಂಕ ಸಿಗುವ 21 ಅಂಕಗಳ ಪದ್ಧತಿ ಜಾರಿಗೆ ಬಂತು.

2007ರ ರಾಷ್ಟ್ರೀಯ ಪ್ರಶಸ್ತಿ ಸೈನಾ ನೆಹ್ವಾಲ್ ಪಾಲಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸೈನಾ 2014ರಲ್ಲಿ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ, ವಿಮಲ್ ಕುಮಾರ್ ಅವರ ಬಳಿಗೆ ಬಂದರು. 2015ರಲ್ಲಿ ವಿಶ್ವದ ಅಗ್ರಸ್ಥಾನ ಮುಟ್ಟಿದ ಮೊದಲ ಭಾರತೀಯ ಮಹಿಳೆಯಾದರು.

ಗಮನಿಸಬೇಕಾದ ಸಂಗತಿಯೆಂದರೆ, ಮುಂಬಯಿ, ಹೈದರಾಬಾದಿನಂತಹ ಮಹಾನಗರಗಳ ಹುಡುಗಿಯರೇ ಗುರುವನ್ನು ಹುಡುಕಿಕೊಂಡು ಊರು ಬಿಡಬೇಕಾಯಿತು. ಹೀಗಿರುವಾಗ ಹಡಗಲಿಯ ಅಥವಾ ಕೊಟ್ಟೂರಿನ ಹುಡುಗಿ ದಾಟಬೇಕಾದ ದೂರ ಇನ್ನೆಷ್ಟು? ಅಪರ್ಣಾ ಅವರ ಮೊದಲ ಗುರು ಅವರಿದ್ದ ಊರಿನಲ್ಲೇ ಸಿಕ್ಕಿದ್ದರು. ಎಂಟನೆಯ ವಯಸ್ಸಿನ ಮಗುವಿಗೆ ಬೇಕಾದದ್ದು ದೂರದ ಅಕಾಡೆಮಿಯಲ್ಲ. ಶಾಲೆ ಬಿಟ್ಟ ಮೇಲೆ ನಡೆದು ಹೋಗಬಹುದಾದ, ಗಾಳಿ ನುಗ್ಗದ ಒಂದು ಅಂಕಣ, ಅಲ್ಲೊಬ್ಬ ಗುರು.