ಬಿ.ಎಂ. ರಸ್ತೆಯ ಬಲಗೈ

ಚನ್ನರಾಯಪಟ್ಟಣದಲ್ಲಿ ಸೈಕಲ್ ತುಳಿಯುವವರಿಗೆ ಕೈ ತೋರಿಸುವುದನ್ನು ಕಲಿಸಿದವರು ಬಾಡಿಗೆ ಸೈಕಲ್ ಅಂಗಡಿಯವರು. ಬೆಂಗಳೂರು–ಮಂಗಳೂರು ರಸ್ತೆ, ನಮ್ಮ ಬಾಯಲ್ಲಿ ಬಿ.ಎಂ. ರೋಡು, ಊರಿನ ನಟ್ಟನಡುವೆ ಹಾಯ್ದುಹೋಗುತ್ತಿದ್ದ ಕಾಲದ ಮಾತು ಇದು. ಅದರ ಅಂಚಿನ ಅಂಗಡಿಗಳಲ್ಲಿ ಒಂದು ನಮ್ಮಪ್ಪನದು. ಪುಣ್ಯ ಬರಲಿ ಅಂತ ಅಪ್ಪ ಕಲಿಸಿದ್ದೇನೂ ಅಲ್ಲ. ಬಾಡಿಗೆಗೆ ಹೋದ ಸೈಕಲ್ಲು ಲಾರಿಗೆ ತಗುಲಿ, ರಿಮ್ಮು ಸೊಟ್ಟಗಾಗಿ, ಫೋರ್ಕು ಬಗ್ಗಿ ವಾಪಸು ಬಂದರೆ ನಷ್ಟ ಅಂಗಡಿಯವನದೇ. ಗಂಟೆಗೆ ನಾಲ್ಕಾಣೆ ಕೊಟ್ಟ ಹುಡುಗನ ಮನೆಗೆ ಹೋಗಿ ರಿಮ್ಮಿನ ದುಡ್ಡು ವಸೂಲಿ ಮಾಡುವುದಕ್ಕಿಂತ ಆ ಹುಡುಗನಿಗೆ ಬಲಗೈ ಚಾಚುವುದನ್ನು ಕಲಿಸುವುದೇ ಅಗ್ಗ ಎಂಬುದು ಅವರ ಲೆಕ್ಕ.

ಎಪ್ಪತ್ತರ ದಶಕ. ಅಂಗಡಿಯಲ್ಲಿ ಅಂಬತ್ತೂರಿನಿಂದ ಬಂದ ಹರ್ಕ್ಯುಲಿಸ್, ಸೋನಿಪತ್‌ನ ಅಟ್ಲಾಸ್, ಜೊತೆಗೆ ಯಾವುದೋ ಸರ್ಕಾರಿ ಅಧಿಕಾರಿಯಿಂದ ಕೊಂಡ ಹಳೇ ರ‍್ಯಾಲಿ. ನೋಟುಬುಕ್ಕಿನಲ್ಲಿ ಹೆಸರು, ಯಾರ ಮಗ, ಎಷ್ಟು ಗಂಟೆಗೆ ಹೊರಟ ಎಂದು ಬರೆದುಕೊಂಡ ಮೇಲೆ ಪರೀಕ್ಷೆ. ಅಂಗಡಿ ಪಕ್ಕದ ಓಣಿಯಲ್ಲಿ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗಿ ಬರಬೇಕು. ಓಲಾಡದೆ ಬಂದವನಿಗೆ ಬಿ.ಎಂ. ರೋಡಿಗೆ ಇಳಿಯುವ ಪರವಾನಗಿ. ಒಳಪೆಡಲ್ ತುಳಿಯುವ ಹುಡುಗರಿಗೆ ಅದು ಸಿಗುತ್ತಲೇ ಇರಲಿಲ್ಲ. ಫ್ರೇಮಿನ ತ್ರಿಕೋನದೊಳಗೆ ಕಾಲು ತೂರಿಸಿ, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಸೀಟು ತಬ್ಬಿಕೊಂಡವನಿಗೆ ತೋರಿಸಲು ಮೂರನೇ ಕೈ ಎಲ್ಲಿಂದ ಬರಬೇಕು? "ಕಾಲು ಬಾರಿನ ಮೇಲೆ ಬಂದ ದಿವಸ ಬಾರ‍್ಲಾ, ಅಲ್ಲೀ ಗಂಟ ಕೆರೆ ಏರಿ ಕಡೆ ಓಡಿಸ್ಕೊ" ಎಂದು ಅಟ್ಟುತ್ತಿದ್ದರು.

ಬಲಗೈ ಎತ್ತುವುದರಲ್ಲಿ ಒಂದು ಯಂತ್ರದ ಲೆಕ್ಕವೂ ಇತ್ತು, ಇದನ್ನು ಈಗಿನವರು ಮರೆತಿದ್ದಾರೆ. ಆಗಿನ ಸೈಕಲ್ಲಿಗೆ ಸರಳಿನ ಬ್ರೇಕು. ಬಲಗೈಯ ಹಿಡಿ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ. ಬಲಕ್ಕೆ ತಿರುಗಲು ಬಲಗೈ ಚಾಚಿದರೆ ಎಡಗೈಯಲ್ಲಿ ಹಿಂದಿನ ಬ್ರೇಕು ಉಳಿಯುತ್ತದೆ. ಗಾಬರಿಯಲ್ಲಿ ಎಷ್ಟು ಜೋರಾಗಿ ಅದುಮಿದರೂ ಹೆಚ್ಚೆಂದರೆ ಹಿಂದಿನ ಚಕ್ರ ಜಾರುತ್ತದೆ. ಎಡಗೈ ಚಾಚಿದರೆ ಉಳಿಯುವುದು ಮುಂದಿನ ಬ್ರೇಕು. ಡಾಂಬರಿನ ಅಂಚಿನ ಜಲ್ಲಿಯ ಮೇಲೆ ಅದನ್ನು ಒಮ್ಮೆಲೇ ಹಿಡಿದವನು ಹ್ಯಾಂಡಲ್ ದಾಟಿ ಆಚೆ ಬೀಳುತ್ತಾನೆ. ಆದ್ದರಿಂದ ಎಡಕ್ಕೆ ಹೋಗುವಾಗಲೂ ಬಲಗೈಯನ್ನೇ ಚಾಚಿ, ಬೀಸೋಕಲ್ಲು ತಿರುಗಿಸಿದ ಹಾಗೆ ಸುತ್ತಬೇಕು ಎಂಬುದು ನಮ್ಮ ಅಂಗಡಿಯ ಕಾನೂನು.

ಸರ್ಕಾರದ ಕಾನೂನೂ ಅದನ್ನೇ ಹೇಳುತ್ತಿತ್ತು, ಆದರೆ ಕಾರಣ ಬೇರೆ. ಇಂಗ್ಲೆಂಡಿನಲ್ಲಿ 1931ರಲ್ಲಿ ಮೊದಲ ಹೈವೇ ಕೋಡ್ ಅಚ್ಚಾದಾಗ ಅದರಲ್ಲಿ ಕೈ ಸಂಜ್ಞೆಗಳಿಗೆ ದೊಡ್ಡ ಜಾಗವಿತ್ತು. ಕುದುರೆಗಾಡಿಯವನು ಚಾವಟಿ ಎತ್ತಿ ಹೇಗೆ ಸೂಚನೆ ಕೊಡಬೇಕೆಂಬುದೂ ಇತ್ತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆ, ಆಮೇಲೆ ಅದರ ಜಾಗಕ್ಕೆ ಬಂದ 1988ರ ಕಾಯ್ದೆ ಎರಡೂ ಚಾಲಕ ಸಂಜ್ಞೆ ಮಾಡಬೇಕೆಂದವು. 1989ರ ರಸ್ತೆ ನಿಯಮಗಳಲ್ಲಿ ವಿವರ ಇತ್ತು. ನಿಧಾನಿಸಲು ಅಂಗೈ ಕೆಳಗೆ ಮಾಡಿ ತೋಳನ್ನು ಮೇಲೆ ಕೆಳಗೆ ಆಡಿಸಬೇಕು, ನಿಲ್ಲಲು ಮುಂಗೈಯನ್ನು ನೆಟ್ಟಗೆ ಎತ್ತಬೇಕು, ಬಲಕ್ಕಾದರೆ ಅಂಗೈ ಮುಂದೆ ಮಾಡಿ ನೇರ ಚಾಚಬೇಕು, ಎಡಕ್ಕಾದರೆ ಅಪ್ರದಕ್ಷಿಣೆಯಾಗಿ ಸುತ್ತಬೇಕು, ಹಿಂದಿನವನಿಗೆ ದಾರಿ ಬಿಡಲು ಹಿಂದೆ ಮುಂದೆ ಬೀಸಬೇಕು. ಐದಕ್ಕೂ ಬಲಗೈಯೇ. ಸ್ಟೀರಿಂಗ್ ಬಲಗಡೆ, ಕಿಟಕಿಯಿಂದ ಹೊರಬರುವ ಕೈ ಅದೊಂದೇ. ಇಡೀ ನಿಯಮ ಬರೆದದ್ದು ಮೋಟಾರಿನವನಿಗೆ. ಸೈಕಲ್ಲಿನವನು ಅದನ್ನು ಕದ್ದು ಕಲಿತ.

ಯಾರಿಂದ ಕದ್ದ ಎಂದರೆ ಬಸ್ಸಿನಿಂದ. ಮೈಸೂರು ಸರ್ಕಾರ 1948ರಲ್ಲಿ ಸಾರಿಗೆ ಇಲಾಖೆ ಶುರುಮಾಡಿ ಬಸ್ಸು ಓಡಿಸತೊಡಗಿತು. 1961ರಲ್ಲಿ ಅದು ನಿಗಮವಾಯಿತು. ಆ ಬಸ್ಸುಗಳ ಹಿಂದೆ ತುಳಿಯುತ್ತ ಹೋದವನಿಗೆ ಕಾಣುತ್ತಿದ್ದದ್ದು ಕಿಟಕಿಯಿಂದ ಚಾಚಿದ ಖಾಕಿ ತೋಳು. ಎಡಗಡೆಯ ಕೆಲಸ ಕಂಡಕ್ಟರದು: ಬಾಗಿಲಲ್ಲಿ ಜೋತುಬಿದ್ದು, ತಗಡಿಗೆ ಬಡಿದು, "ಹೋಲ್ಡಾನ್" ಎಂದೋ "ರೈಟ್ ರೈಟ್" ಎಂದೋ ಕೂಗುತ್ತಿದ್ದ. ಅದೇ ರಸ್ತೆಯಲ್ಲಿ ಎತ್ತಿನಗಾಡಿಯವನು ಬಾರುಕೋಲನ್ನು ಬಲಕ್ಕೆ ಚಾಚುತ್ತಿದ್ದ. ಜಟಕಾದವನು ಚಾವಟಿಯ ಹಿಡಿಯನ್ನು ಚಕ್ರದ ಅರಗಳಿಗೆ ಒತ್ತಿ ಕಟಕಟ ಸದ್ದು ಮಾಡಿಸುತ್ತಿದ್ದ. ಇದೆಲ್ಲ ಒಂದಕ್ಕೊಂದು ಅರ್ಥವಾಗುತ್ತಿತ್ತು. ಗಾಡಿಯವನ ಕೋಲು ಕಂಡರೆ ಬಸ್ಸು ನಿಧಾನಿಸುತ್ತಿತ್ತು. ಸೈಕಲ್ಲಿನವನ ಕೈ ಕಂಡರೆ ಗಾಡಿಯವನು ಹಗ್ಗ ಜಗ್ಗುತ್ತಿದ್ದ. ಎಲ್ಲರ ವೇಗಕ್ಕೂ ಹೆಚ್ಚು ಅಂತರ ಇರಲಿಲ್ಲ, ಆದ್ದರಿಂದ ನೋಡಲು ಪುರುಸೊತ್ತಿತ್ತು.

ಊರಿಂದೂರಿಗೆ ರೂಢಿ ಬದಲಾಗುತ್ತಿತ್ತು. ಬಿಡಿಭಾಗ ತರಲು ಅಪ್ಪನ ಜೊತೆ ಹಾಸನಕ್ಕೆ ಹೋಗುತ್ತಿದ್ದೆ. ಅಲ್ಲಿನ ಎನ್.ಆರ್. ಸರ್ಕಲ್ಲಿನಲ್ಲಿ ಪೇದೆ ನಿಂತಿರುತ್ತಿದ್ದ. ನಮ್ಮೂರಲ್ಲಿ ಕೈ ತೋರಿಸುವುದು ಹಿಂದಿನವನಿಗಾಗಿ. ಅಲ್ಲಿ ಎದುರಿಗಿರುವ ಪೇದೆಗೂ ಕಾಣಬೇಕು, ಅವನು ತಲೆಯಾಡಿಸುವ ತನಕ ಚಾಚಿಯೇ ಇರಬೇಕು. ತೋಳು ಸೋಲುತ್ತಿತ್ತು. ಹೊಳೆನರಸೀಪುರದಲ್ಲಿ ಹೇಮಾವತಿ ಸೇತುವೆ ಸಿಕ್ಕರೆ ಕೈಗೆ ಕೆಲಸವಿಲ್ಲ, ಬೆಲ್ಲೇ ಗತಿ. ಎದುರಿಂದ ಕಬ್ಬಿನ ಗಾಡಿ ಬಂದರೆ ಇಳಿದು ಒತ್ತಿಕೊಂಡು ನಿಲ್ಲುವುದು. ಅರಕಲಗೂಡಿನ ಕಡೆ, ರಾಮನಾಥಪುರ, ಕೊಣನೂರು ರಸ್ತೆಯಲ್ಲಿ, ಹೊಗೆಸೊಪ್ಪಿನ ಕಾಲದಲ್ಲಿ ಕ್ಯಾರಿಯರ್ ಮೇಲೆ ಹೊರೆ ಕಟ್ಟಿದವರದೇ ಸಾಲು. ಹೊರೆಯ ಸೈಕಲ್ಲಿನಿಂದ ಒಂದು ಕೈ ತೆಗೆದರೆ ಮುಂದಿನ ಚಕ್ರ ಮೇಲೇಳುತ್ತದೆ. ನಮ್ಮ ಕಡೆಯ ತೆಂಗಿನಕಾಯಿ ಮೂಟೆಯವರಿಗೂ, ಹಾಲಿನ ಕ್ಯಾನಿನವರಿಗೂ ಇದೇ ಪಾಡು. ಅವರು ತಲೆಯನ್ನೇ ಬಲಕ್ಕೆ ಎರಡು ಸಲ ಹೊರಳಿಸಿ, "ಸೈಡು, ಸೈಡು" ಎಂದು ಕೂಗುತ್ತ ತಿರುಗುತ್ತಿದ್ದರು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಈ ತಲೆ ಸಿಗ್ನಲ್ಲನ್ನು ಲಾರಿಯವರೂ ಒಪ್ಪಿಕೊಂಡಿದ್ದರು.

ಕತ್ತಲಾದ ಮೇಲೆ ಕೈಗೆ ಬೆಲೆಯಿಲ್ಲ. ಪೇದೆಗಳು ಹಿಡಿಯುತ್ತಿದ್ದದ್ದೂ ದೀಪ ಇಲ್ಲದವರನ್ನು, ಡಬಲ್ ರೈಡಿಂಗ್‌ನವರನ್ನು, ಪುರಸಭೆಯ ಲೈಸೆನ್ಸ್ ಬಿಲ್ಲೆ ಇಲ್ಲದವರನ್ನು. ವಾಲ್‌ಟ್ಯೂಬ್ ಕಿತ್ತುಕೊಂಡು ಗಾಳಿ ಬಿಟ್ಟು ಕಳಿಸುತ್ತಿದ್ದರು, ಆ ಸೈಕಲ್ಲು ತಳ್ಳಿಕೊಂಡು ನಮ್ಮ ಅಂಗಡಿಗೇ ಬರುತ್ತಿತ್ತು. ಕೈ ತೋರಿಸದ್ದಕ್ಕೆ ದಂಡ ಕಟ್ಟಿದ ಒಬ್ಬನನ್ನೂ ನಾನು ಕಂಡಿಲ್ಲ.

1981ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆಯಿತು. ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿಸಿದ ಸಲದ್ದು. ದೇಶದ ಮೂಲೆಮೂಲೆಯಿಂದ ಬಂದ ಬಸ್ಸು ಕಾರುಗಳು ನಮ್ಮೂರಿನಲ್ಲೇ ಬೆಳಗೊಳದ ರಸ್ತೆಗೆ ತಿರುಗಬೇಕು. ಅಷ್ಟು ವಾಹನವನ್ನು ನಾವು ಅದುವರೆಗೆ ನೋಡಿರಲಿಲ್ಲ. ಮಿಣುಕು ದೀಪ ಹಾಕಿಕೊಂಡು, ಕೈ ಹೊರಗೆ ತರದೆ ತಿರುಗುವ ಕಾರುಗಳನ್ನು ಸಾಲುಸಾಲಾಗಿ ಕಂಡದ್ದೂ ಆಗಲೇ. ಅಪ್ಪ ಅಂಗಡಿ ಮುಂದೆ ನಿಂತು ಬೈದರು: "ಕೈಯಾದ್ರೆ ಮನುಷ್ಯ ಎತ್ತಿದ್ದು ಅಂತ ಗ್ಯಾರಂಟಿ. ಈ ದೀಪ ಮರೆತು ಉರೀತಾದೋ, ತಿರುಗಕ್ಕೆ ಉರೀತಾದೋ, ಹೆಂಗೆ ಹೇಳ್ತೀಯ?"

ಆದರೂ ಕೈ ತಕ್ಷಣ ಕೆಳಗಿಳಿಯಲಿಲ್ಲ. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಎರಡಕ್ಕೂ ಇಂಡಿಕೇಟರ್ ಇರಲಿಲ್ಲ. ಸೈಕಲ್ಲಿನಿಂದ ಅವುಗಳಿಗೆ ಬಡ್ತಿ ಪಡೆದ ಮೇಷ್ಟರು, ಎಲ್ಐಸಿ ಏಜೆಂಟರು ಹಳೇ ಅಭ್ಯಾಸವನ್ನೂ ಹತ್ತಿಸಿಕೊಂಡು ಹೋದರು. ಬಲಗೈ ಎತ್ತಿದೊಡನೆ ಆಕ್ಸಿಲರೇಟರ್ ಬಿಟ್ಟು ಗಾಡಿ ತಾನಾಗಿ ನಿಧಾನವಾಗುತ್ತಿದ್ದದ್ದು ಒಳ್ಳೆಯದೇ ಆಯಿತು. 1985ರ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ, ಹಿಂದಿನಿಂದ ಬರುವವನ ಕಣ್ಣು ತೋಳನ್ನು ಬಿಟ್ಟು ದೀಪವನ್ನು ಹುಡುಕಲು ಕಲಿಯಿತು. ದೀಪವಿಲ್ಲದ ಸೈಕಲ್ಲು ಎಷ್ಟೇ ಕೈ ಚಾಚಿದರೂ ಓದುವವರು ಕಡಿಮೆಯಾದರು.

ಪೂರ್ತಿ ಮುಗಿಸಿದ್ದು ನಾಲ್ಕು ಪಥದ ರಸ್ತೆ. ಊರಿನ ಹೊರಗೆ ಬೈಪಾಸು ಬಂತು, ನಡುವೆ ಡಿವೈಡರ್ ಎದ್ದಿತು. ಬಲಕ್ಕೆ ತಿರುಗಬೇಕಾದ ಸೈಕಲ್ಲಿನವನು ವೇಗದ ಎರಡು ಸಾಲು ದಾಟಿ ಡಿವೈಡರಿನ ಸಂದಿಗೆ ಹೋಗಬೇಕು. ನೂರರ ವೇಗದಲ್ಲಿ ಬರುವವನಿಗೆ ತೋಳು ಕಾಣುವ ಹೊತ್ತಿಗೆ ಸೈಕಲ್ಲು ಬಾನೆಟ್ಟಿನ ಹತ್ತಿರ ಇರುತ್ತದೆ. ಹಳ್ಳಿಯವರು ಬುದ್ಧಿವಂತರು, ತಿರುಗುವುದನ್ನೇ ಬಿಟ್ಟು ಅಂಚಿನಲ್ಲಿ ಎದುರು ದಿಕ್ಕಿಗೇ ತುಳಿದುಕೊಂಡು ಹೋಗುತ್ತಾರೆ. ಪತ್ರಿಕೆಗಳು ಇದನ್ನು ಅಶಿಸ್ತು ಎನ್ನುತ್ತವೆ. ಸಂದಿಗಾಗಿ ಮೈಲಿಗಟ್ಟಲೆ ತುಳಿಯಿರಿ ಎಂದು ರಸ್ತೆ ಹೇಳಿದಾಗ ಜನ ಬೇರೆ ಏನು ಮಾಡಬೇಕಿತ್ತು ಎಂದು ಬರೆದವರನ್ನು ನಾನು ಕಾಣೆ.

ನಡುವೆ ಒಂದು ಸಣ್ಣ ಪುನರ್ಜನ್ಮವೂ ಆಯಿತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಆಗ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಅವರ ಮನೆತನದ ಊರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಆ ರಸ್ತೆಗಳಲ್ಲಿ ಬೆಳಿಗ್ಗೆ ಸಮವಸ್ತ್ರದ ಹುಡುಗಿಯರ ಸಾಲು. ಸ್ಕೂಲಿನ ತಿರುವು ಬಂದಾಗ ಎಲ್ಲಕ್ಕಿಂತ ಹಿಂದಿನವಳು ಕೈ ಚಾಚುವಳು, ಮುಂದಿನವರೆಲ್ಲ ಒಟ್ಟಿಗೆ ಬೆಲ್ ಬಾರಿಸುವರು. ಯಾರೂ ಹೇಳಿಕೊಟ್ಟದ್ದಿರಲಾರದು. ಆದರೆ ಲಾರಿಯವನಿಗೆ ಕಾಣಬೇಕಾದವಳು ಕೊನೆಯವಳು ಎಂಬುದನ್ನು ಅವರು ಕಂಡುಕೊಂಡಿದ್ದರು, ನಮ್ಮ ಕಾಲದಲ್ಲಿ ನಮಗೆ ಇದು ಹೊಳೆದಿರಲಿಲ್ಲ.

ಹಾಸನದ ಆರ್‌ಟಿಓ ಕಚೇರಿಯಲ್ಲಿ ಎಲ್ಎಲ್ಆರ್ ಪರೀಕ್ಷೆಗೆ ಕೂರುವವರು ಈಗಲೂ ಕೈ ಸಂಜ್ಞೆ ಬಾಯಿಪಾಠ ಮಾಡುತ್ತಾರೆ. ದ್ವಿಚಕ್ರದವರು ಎಡಕ್ಕೆ ತಿರುಗುವಾಗ ಯಾವ ಕೈ ತೋರಿಸಬೇಕು ಎಂಬ ಪ್ರಶ್ನೆಗೆ ಸರಿಯುತ್ತರ ಬಲಗೈ. ಮೊಮ್ಮಗಳು ಉರುಹೊಡೆಯುತ್ತ ಅಲ್ಲೇ ನಿಂತಳು. "ತಾತ, ಸ್ಕೂಟಿಯಲ್ಲಿ ಬಲಗೈಲಿ ಆಕ್ಸಿಲರೇಟರ್ ಇರತ್ತೆ. ಎಡಗೈ ಖಾಲಿ ಇದೆಯಲ್ಲ, ಅದನ್ನೇ ಯಾಕೆ ಚಾಚಬಾರದು?" ಬಸ್ಸಿನ ಕಿಟಕಿ, ಸರಳಿನ ಬ್ರೇಕು, ಅಂಚಿನ ಜಲ್ಲಿ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದು ನಿಮ್ಮ ಸೈಕಲ್ಲಿಗಾಯ್ತು" ಎಂದಳು. ಪರೀಕ್ಷೆಯಲ್ಲಿ ಬಲಗೈ ಎಂದೇ ಒತ್ತಿ ಪಾಸಾಗಿ ಬಂದಳು. ರಸ್ತೆಯಲ್ಲಿ ಎಡಗೈಯನ್ನೇ ಚಾಚುತ್ತಾಳೆ.