ನಂದಿದುರ್ಗದ ಮುತ್ತಿಗೆಯೂ ದೂರದ ಗುರಿಯೂ

ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ನಂದಿದುರ್ಗವು ತೋಪುಗಳ ಬಲದಿಂದಲೇ ಶತ್ರುವಶವಾಯಿತೆಂದು ಎಣಿಸುವುದು ಸುಲಭ. ಮುತ್ತಿಗೆಯ ವಿವರಗಳನ್ನು ಪರ್ಯಾಲೋಚಿಸಿದಲ್ಲಿ ಇದು ಅರ್ಧಸತ್ಯವೆಂದು ತಿಳಿದುಬರುವುದು.

ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಮೇಜರ್ ಗೌಡಿಯ ದಂಡನ್ನು ಈ ಸೀಮೆಗೆ ಕಳುಹಿಸಿದನು. ರಹಮಾನ್‌ಗಢವನ್ನು ಹಿಡಿದ ಆ ದಂಡು 1791ರ ಸೆಪ್ಟೆಂಬರಿನಲ್ಲಿ ನಂದಿಗೆ ಬಂದಿತು. ಬೆಟ್ಟದ ಎತ್ತರ 4,851 ಅಡಿ. ಒಂದು ಪಾರ್ಶ್ವದ ಹೊರತು ಉಳಿದೆಡೆ ಕಡಿದಾದ ಬಂಡೆ. ಬಹು ಪ್ರಯಾಸದಿಂದ ತೋಪುಗಳನ್ನು ಇಳಿಜಾರಿನ ಮೇಲಕ್ಕೆಳೆದು, ಸುಮಾರು ಮೂರು ವಾರ ಹೊಡೆದು, ಹೊರಕೋಟೆಯಲ್ಲಿ ಎರಡು ಬಿರುಕುಗಳನ್ನು ಮಾಡಿದರು. ಆದರೆ ಅಲ್ಲಿಂದ 80 ಗಜ ಒಳಗಿದ್ದ ಒಳಗೋಡೆಗೆ ಗುಂಡು ಮುಟ್ಟಲೇ ಇಲ್ಲ. ಕಡೆಗೆ ಅಕ್ಟೋಬರ್ 19ರಂದು, ಬೆಳುದಿಂಗಳಿನಲ್ಲಿ, ಕಾಲಾಳುಗಳೇ ಏರಿ ಒಳಬಾಗಿಲನ್ನು ಮುರಿಯಬೇಕಾಯಿತು. ಅವರನ್ನು ಹೆಚ್ಚಾಗಿ ಗಾಯಗೊಳಿಸಿದುದು ಮೇಲಿನಿಂದ ಉರುಳಿಬಂದ ಕಲ್ಲುಗಳು.

ಗುರಿಯ ಶಾಸ್ತ್ರವನ್ನರಿತವರಿಗೆ ಈ 80 ಗಜಗಳು ವಿಚಾರಾರ್ಹವಾದುವು. ಅಂದಿನ ಗೋಲಂದಾಜನು ಬೆಣೆಯಿಂದಲೋ ತಿರುಪಿನಿಂದಲೋ ತೋಪಿನ ಬಾಯನ್ನು ಎತ್ತಿಳಿಸುತ್ತಿದ್ದನು. ದೂರದ ಬೇಟೆಯ ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನ ತಿರುಗುಬಿಲ್ಲೆಗಳದೂ ಅದೇ ಕೆಲಸ: ಒಂದು ಎತ್ತರಕ್ಕೆ, ಮತ್ತೊಂದು ಗಾಳಿಗೆ. ಅಂಶದ ಅರುವತ್ತರಲ್ಲೊಂದು ಭಾಗವು 100 ಗಜದಲ್ಲಿ ಸುಮಾರು ಒಂದು ಅಂಗುಲ. ಅದರ ಕಾಲುಭಾಗಕ್ಕೆ ಒಂದು 'ಟಿಕ್' ಎಂದಿಟ್ಟರೆ, 400 ಗಜದಲ್ಲಿ ಒಂದು ಟಿಕ್ಕಿಗೆ ಗುರಿಯು ಸುಮಾರು ಒಂದು ಅಂಗುಲ ಸರಿಯುವುದು. ಆದುದರಿಂದ ಇಂಥ ದುರ್ಬೀನನ್ನು ಆರಿಸುವಲ್ಲಿ ಹಿರಿದಾಗಿ ಕಾಣಿಸುವ ಶಕ್ತಿಗಿಂತಲೂ, ತಿರುಗಿಸಿದ ಬಿಲ್ಲೆಯು ಹಿಂದಿರುಗಿಸಿದಾಗ ಮೊದಲಿನ ಗುರುತಿಗೇ ತಪ್ಪದೆ ಬರುವ ಗುಣವು ಮುಖ್ಯ.

ಬೆಟ್ಟದ ನಾಡಿನಲ್ಲಿ ಇನ್ನೊಂದು ತೊಡಕುಂಟು. 30 ಅಂಶದ ಏರಿನಲ್ಲಿ ಕಣ್ಣಳತೆಯ 400 ಗಜವು ಸಮತಲದ ಲೆಕ್ಕಕ್ಕೆ 346 ಗಜ ಮಾತ್ರ. 400 ಗಜಕ್ಕೆಂದು ಬಿಲ್ಲೆ ತಿರುಗಿಸಿದವನ ಗುಂಡು ಗುರಿಯ ಮೇಲೆ ಹಾಯುವುದು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಲುಗುಡ್ಡಗಳಲ್ಲಿಯೂ ಈ ಲೆಕ್ಕವೇ ಸರಿ.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದಲೂ 1991ರ ತಿದ್ದುಪಡಿಯಿಂದಲೂ ಈ ದೇಶದಲ್ಲಿ ವಿನೋದದ ಬೇಟೆ ನಿಂತಿತು. ಈಗ ಆ ಉಪಕರಣಕ್ಕೆ ಇಲ್ಲಿ ಉಳಿದಿರುವುದು ಗುರಿಯ ಹಲಗೆಯೊಂದೇ. ಆದರೆ ನಂದಿಯ ಪಾಠವು ಹಳತಾಗಲಿಲ್ಲ: ಉಪಕರಣವು ಎಷ್ಟೇ ಬಲಿಷ್ಠವಾಗಿರಲಿ, ನೆಲದ ಅಳತೆ ತಿಳಿಯದವನಿಗೆ ಕಡೆಯ 80 ಗಜವು ದಕ್ಕದು.